ನಾಲ್ವರ ಕಾಳಗದಲ್ಲಿ ಮೈಕ್ ತೆರೆಯುವ ಹಾಗೂ ನಾಲ್ಕನೇ ಸ್ಥಾನ ತುಂಬುವ ಕುರಿತು

ಸಂಖ್ಯೆ: ಹಕಶಾ/ಊಟದ ವಿರಾಮ/ಕರಡು-7
ಹಳೆಯ ಕಡತಗಳ ಶಾಖೆ, ನೆಲಮಾಳಿಗೆ
ದಿನಾಂಕ: ಬರೆಯಲು ಕುಳಿತದ್ದು ಸೋಮವಾರ, ಓದಿದ್ದು ಶುಕ್ರವಾರ

ಸುತ್ತೋಲೆ

ವಿಷಯ: ಊಟದ ವಿರಾಮದಲ್ಲಿ ಮೊಬೈಲಿನಲ್ಲಿ ಆಡಲಾಗುವ ನಾಲ್ವರ ಕಾಳಗದಲ್ಲಿ ಹೊಸಬರು ಸುಧಾರಿಸಲು ಅನುಸರಿಸತಕ್ಕ ಕ್ರಮಗಳು.

ಉಲ್ಲೇಖ:
1. ಈ ಶಾಖೆಯ ಕರಡು ಗುಮಾಸ್ತೆಯ ದಿನಚರಿ, ಭಾನುವಾರದ ಪುಟ: "ಎಂಟು ತಿಂಗಳಾಯಿತು. ನನ್ನ ದನಿ ಹೇಗಿದೆ ಅಂತ ಆ ಮೂವರಿಗೂ ಸರಿಯಾಗಿ ಗೊತ್ತಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟರೆ, ಯಾರಪ್ಪ ಇದು ಅಂತ ತಿರುಗಿ ನೋಡುತ್ತಾರೆ. ಆ ನೋಟಕ್ಕೇ ನನಗೆ ಹೆದರಿಕೆ." (ಈ ಉಲ್ಲೇಖವು ಖಾಸಗಿಯಾಗಿದ್ದು, ಅಂತಿಮ ಪ್ರತಿಯಲ್ಲಿ ತೆಗೆದುಹಾಕತಕ್ಕದ್ದು.)
2. ಅಧೀಕ್ಷಕಿಯವರ ಮೌಖಿಕ ಆದೇಶ, ಸೋಮವಾರ, ಊಟದ ಡಬ್ಬಿ ತೊಳೆಯುವ ನಲ್ಲಿಯ ಬಳಿ.
3. ಟಪಾಲು ಶಾಖೆಯ ಸಿಬ್ಬಂದಿ 'ಮಾತಿನಮಲ್ಲಿ'ಯವರ ಕೋರಿಕೆ, ಮೆಟ್ಟಿಲ ಮೇಲೆ, ಮೂರು ಸಲ.

ಪೀಠಿಕೆ:

ನೂರು ಜನ ಒಂದೇ ವಿಮಾನದಿಂದ ನಿರ್ಜನ ದ್ವೀಪವೊಂದಕ್ಕೆ ಧುಮುಕಿ, ನಾಲ್ಕು ನಾಲ್ಕು ಜನರ ತಂಡಗಳಾಗಿ ಬಂದೂಕು ಹುಡುಕಿಕೊಂಡು ಹೊಡೆದಾಡಿ, ಕೊನೆಗೆ ಉಳಿದ ತಂಡ ಗೆದ್ದಿತೆಂದು ಘೋಷಿಸಲಾಗುವ ಆಟವೊಂದನ್ನು ಈ ಶಾಖೆಯ ನಾಲ್ವರು ಎಂಟು ತಿಂಗಳಿಂದ ಆಡುತ್ತಿರುವುದು ಸರಿಯಷ್ಟೆ. ಸದರಿ ಅವಧಿಯಲ್ಲಿ ಗೆಲುವು ಶೂನ್ಯ. ಅತ್ಯುತ್ತಮ ಸಾಧನೆ ಹನ್ನೊಂದನೇ ಸ್ಥಾನವಾಗಿದ್ದು, ಅದೂ ಆ ದಿನ ನಾಲ್ವರ ಪೈಕಿ ಮೂವರ ಫೋನು ಸ್ಥಗಿತಗೊಂಡು ಯಾರೂ ಏನನ್ನೂ ಮಾಡಲು ಸಾಧ್ಯವಾಗದೇ ಇದ್ದ ಕಾರಣದಿಂದ ಎಂದು ಪರಿಶೀಲನೆಯಲ್ಲಿ ಕಂಡುಬಂದಿದೆ.

ತಂಡದಲ್ಲಿರುವವರು: ಅಧೀಕ್ಷಕಿಯವರು, ಕಡತಗಳನ್ನು ಕಟ್ಟಿ ಕಪಾಟಿಗೇರಿಸುವ ದಫ್ತರಿಯವರು, ಇಲಾಖೆಯ ಜೀಪು ಓಡಿಸುವ 'ಸಾರಥಿ'ಯವರು, ಹಾಗೂ ಕರಡು ಗುಮಾಸ್ತೆ (ಇನ್ನು ಮುಂದೆ 'ಸದರಿ ಗುಮಾಸ್ತೆ'). ಆಟದಲ್ಲಿ ಸದರಿ ಗುಮಾಸ್ತೆಯ ಹೆಸರು 'ಕರಡು'. ನಾಲ್ವರೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದರಿಂದ ಅಕ್ಕಪಕ್ಕ ಕುಳಿತಿದ್ದರೂ ಆಟದ ಮಾತು ಮೈಕಿನಲ್ಲೇ ನಡೆಯುತ್ತದೆ. ಆಕೆಯ ಮೈಕ್ ಈ ಎಂಟು ತಿಂಗಳಲ್ಲಿ ಒಮ್ಮೆಯೂ ತೆರೆದಿರುವುದಿಲ್ಲ.

ಉಲ್ಲೇಖ 2ರಲ್ಲಿ ಅಧೀಕ್ಷಕಿಯವರು ಡಬ್ಬಿಯ ಮುಚ್ಚಳ ಉಜ್ಜುತ್ತಾ ಹೀಗೆ ಆದೇಶಿಸಿರುತ್ತಾರೆ: "ನೋಡಮ್ಮ, ನಾನು ಮೇಲಿನವಳು ಅಂತ ಹೆದರಿ ನೀನು ಆಡ್ತಿದ್ದೀಯೇನೋ ಅಂತ ನನಗೊಂದು ಅನುಮಾನ. ಒಂದು ದಿನ ಒಂದು ಮಾತಿಲ್ಲ, ಒಂದು ನಗು ಇಲ್ಲ. ಇಷ್ಟ ಇಲ್ದೇ ಇದ್ರೆ ಬಲವಂತ ಇಲ್ಲ ಕಣಮ್ಮ. ಟಪಾಲಿನ ಹುಡುಗಿ ಬರ್ತೀನಿ ಅಂತ ತುದಿಗಾಲಲ್ಲಿ ನಿಂತಿದ್ದಾಳೆ. ಹೊಸಬಳಿಗೆ ಅನುಕೂಲ ಆಗೋ ಹಾಗೆ ಒಂದು ಸುತ್ತೋಲೆ ಬರೆದುಬಿಡು. ಕೊನೇ ಕಲಂನಲ್ಲಿ ನಾಲ್ಕನೇ ಸೀಟು ಯಾರಿಗೆ ಅಂತ ನೀನೇ ಬರಿ. ಶುಕ್ರವಾರ ಓದಿಬಿಡೋಣ."

ಸದರಿ ಗುಮಾಸ್ತೆಯು ಇದಕ್ಕೆ ತಲೆಯಾಡಿಸಿರುತ್ತಾಳೆ. ಯಾವ ಅರ್ಥದಲ್ಲಿ ಎಂಬುದು ಆಕೆಗೂ ಸ್ಪಷ್ಟವಾಗಿರುವುದಿಲ್ಲ.

ಈ ಶಾಖೆಯಲ್ಲಿ ಯಾವುದೇ ಸುತ್ತೋಲೆಯನ್ನು ಬರೆದವರೇ ಎಲ್ಲರೆದುರು ಎದ್ದುನಿಂತು ಗಟ್ಟಿಯಾಗಿ ಓದುವವರೆಗೆ ಅದು ಜಾರಿಗೆ ಬರುವುದಿಲ್ಲ ಎಂಬ ಪದ್ಧತಿ ಇರುತ್ತದೆ. ಸದರಿ ಗುಮಾಸ್ತೆಯ ಹಿಂದಿನ ಆರು ಸುತ್ತೋಲೆಗಳನ್ನು, ಆಕೆಗೆ ಗಂಟಲು ನೋವೆಂಬ ಕಾರಣಕ್ಕೆ, ದಫ್ತರಿಯವರೇ ಓದಿರುತ್ತಾರೆ. ಸದರಿ ಗಂಟಲಿನಲ್ಲಿ ಯಾವತ್ತೂ ಯಾವ ನೋವೂ ಇರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ.

ಕಲಂ 1. ಇಳಿಯುವ ಸ್ಥಳ

ನಾಲ್ವರೂ ಒಂದೇ ಕಡೆ ಇಳಿಯತಕ್ಕದ್ದು. ಈವರೆಗೆ ದಫ್ತರಿಯವರು ದೊಡ್ಡ ಗೋದಾಮು ಕಂಡಲ್ಲಿ, ಸಾರಥಿಯವರು ವಾಹನ ಕಂಡಲ್ಲಿ, ಅಧೀಕ್ಷಕಿಯವರು ಎರಡಂತಸ್ತಿನ ಅಚ್ಚುಕಟ್ಟಾದ ಕಟ್ಟಡ ಕಂಡಲ್ಲಿ ಇಳಿದಿದ್ದು, ಸದರಿ ಗುಮಾಸ್ತೆಯು ಯಾರ ಹಿಂದೆ ಹೋಗಬೇಕೆಂದು ತೋಚದೆ ಒಮ್ಮೆ ಸಮುದ್ರದಲ್ಲಿ ಇಳಿದಿರುತ್ತಾಳೆ. ಇನ್ನು ಮುಂದೆ ಒಬ್ಬರು ಗುರುತು ಹಾಕತಕ್ಕದ್ದು, ಮೂವರು ಹಿಂಬಾಲಿಸತಕ್ಕದ್ದು. ಮಿಕ್ಕ ತಂಡಗಳೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುವ ಸ್ಥಳವನ್ನು ಹೊಸಬರು ದೂರದಿಂದಲೇ ನೋಡಿ ಆನಂದಿಸತಕ್ಕದ್ದು.

ಕಲಂ 2. ಮೊದಲು ಬಂದೂಕು

ಇಳಿದ ಕೂಡಲೇ ಕೈಗೆ ಸಿಕ್ಕ ಬಂದೂಕನ್ನು ಎತ್ತಿಕೊಳ್ಳತಕ್ಕದ್ದು. ಅದಕ್ಕಿಂತ ಒಳ್ಳೆಯದು ಮುಂದಿನ ಮನೆಯಲ್ಲಿ ಸಿಗಬಹುದೆಂದು ಕಾಯುತ್ತಾ ನಿಲ್ಲತಕ್ಕದ್ದಲ್ಲ. ಮುಂದಿನ ಮನೆಯಲ್ಲಿ ಸಿಗುವವರ ಕೈಯಲ್ಲಿ ಅದು ಆಗಲೇ ಇರುತ್ತದೆ. ಸಿಕ್ಕ ಟೋಪಿ ತಮಗೆ ಒಪ್ಪುತ್ತದೆಯೇ ಎಂದು ಕನ್ನಡಿ ಹುಡುಕುವುದನ್ನು ನಿಷೇಧಿಸಲಾಗಿದೆ. (ಅಧೀಕ್ಷಕಿಯವರ ಅವಗಾಹನೆಗೆ.)

ಕಲಂ 3. ದಾಸ್ತಾನು ಮತ್ತು ಹಂಚಿಕೆ

(ಅ) ತನ್ನ ಬಂದೂಕಿಗೆ ಹೊಂದದ ಗುಂಡುಗಳನ್ನು ಹೊಂದುವ ಬಂದೂಕಿನವರಿಗೆ ಕೊಟ್ಟುಬಿಡತಕ್ಕದ್ದು. ಕಳೆದ ತಿಂಗಳು ದಫ್ತರಿಯವರು ಬಂದೂಕಿಲ್ಲದೆಯೇ ಏಳು ದುರ್ಬೀನುಗಳನ್ನು ಹೊತ್ತು ಓಡಾಡಿದ್ದು, ಈ ಬಗ್ಗೆ ವಿಚಾರಿಸಲಾಗಿ, "ಇವತ್ತಲ್ಲ ನಾಳೆ ಬೇಕಾಗುತ್ತೆ ತಂಗಿ. ಬಿಸಾಕಿದ ಮಾರನೇ ದಿನವೇ ಕೇಳೋದು ಈ ಜನ. ಮೂವತ್ತು ವರ್ಷದ ಅನುಭವ ನಂದು" ಎಂದು ಹೇಳಿಕೆ ನೀಡಿರುತ್ತಾರೆ. ಹೇಳಿಕೆ ಮುಗಿಯುವ ಮುನ್ನವೇ ಅವರಿಗೆ ಗುಂಡು ತಗುಲಿರುತ್ತದೆ. ಯಾವ ದಿಕ್ಕಿನಿಂದ ಎಂದು ಏಳೂ ದುರ್ಬೀನುಗಳಲ್ಲಿ ಕಂಡುಬಂದಿಲ್ಲ.

(ಆ) ಗುಂಡು ಪಡೆದವರಿಂದ ಸ್ವೀಕೃತಿ ಕೇಳತಕ್ಕದ್ದಲ್ಲ. ಗುಂಡು ತಿಂದವರೂ ಸ್ವೀಕೃತಿ ನೀಡುವ ಅಗತ್ಯವಿಲ್ಲ.

ಕಲಂ 4. ಬಾಗಿಲುಗಳು

ತೆರೆದ ಬಾಗಿಲು ಒಳಗೆ ಜನರಿದ್ದಾರೆಂದು ಶತ್ರುವಿಗೆ ಸುಳಿವು ಕೊಡುವುದರಿಂದ, ಹೊಕ್ಕ ಮನೆಯ ಬಾಗಿಲನ್ನು ಹಾಕಿಕೊಳ್ಳುವ ಅಧೀಕ್ಷಕಿಯವರ ಅಭ್ಯಾಸ ಶ್ಲಾಘನೀಯವಾಗಿದೆ. ಆದರೆ ಸ್ವಂತ ತಂಡದ ಮೂವರನ್ನು ಹೊರಗೆ ಬಿಟ್ಟು ಹಾಕಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಬಾಗಿಲು ಹಾಕುವ ಮುನ್ನ ಒಳಗಿರುವವರನ್ನು ಎಣಿಸತಕ್ಕದ್ದು. ನಾಲ್ವರಿದ್ದಲ್ಲಿ ಹಾಕತಕ್ಕದ್ದು. ಐವರಿದ್ದಲ್ಲಿ ಹಾಕತಕ್ಕದ್ದಲ್ಲ.

ಕಲಂ 5. ಕಿರಿದಾಗುವ ವೃತ್ತ

ದ್ವೀಪದ ಸುತ್ತಲಿನ ನೀಲಿ ವೃತ್ತವು ಆಗಾಗ ಕಿರಿದಾಗುತ್ತಿದ್ದು, ಹೊರಗುಳಿದವರು ತಾವಾಗಿಯೇ ಸಾಯುತ್ತಾರೆ. ಇದನ್ನು ಮುಂಚಿತವಾಗಿ ತಿಳಿಸಿಯೇ ಮಾಡಲಾಗುತ್ತದೆ. ತಿಳಿಸಿದ ಕೂಡಲೇ ಹೊರಡತಕ್ಕದ್ದು. ಕೊನೆಯ ದಿನದ ಕೊನೆಯ ಗಳಿಗೆಯವರೆಗೆ ಕಾಯುವ ಕಚೇರಿಯ ರೂಢಿ ಇಲ್ಲಿ ಅನ್ವಯಿಸುವುದಿಲ್ಲ. ಅವಧಿ ವಿಸ್ತರಣೆ ಕೋರಿ ವೃತ್ತಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿಲ್ಲ.

ಕಲಂ 6. ವಾಹನ ಚಾಲನೆ

ವಾಹನದ ಸದ್ದು ದೂರದವರೆಗೆ ಕೇಳುವುದರಿಂದ ಅಗತ್ಯವಿದ್ದಾಗ ಮಾತ್ರ ಬಳಸತಕ್ಕದ್ದು. ಪ್ರತಿ ತಿರುವಿನಲ್ಲೂ ಹಾರ್ನ್ ಮಾಡುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಈ ವಿಷಯದಲ್ಲಿ ಕಳೆದ ವಾರ ನಡೆದ ಚರ್ಚೆಯನ್ನು ಸದರಿ ಗುಮಾಸ್ತೆಯು ಯಥಾವತ್ತಾಗಿ ದಾಖಲಿಸಿರುತ್ತಾಳೆ:

ಸಾರಥಿಯವರು: "ತಿರುವಲ್ಲಿ ಹಾರ್ನ್ ಮಾಡ್ದೇ ಹೋದ್ರೆ ಎದುರಿಗೆ ಬರೋರ ಗತಿ ಏನು ಮೇಡಂ?"
ಅಧೀಕ್ಷಕಿಯವರು: "ಎದುರಿಗೆ ಬರೋರು ನಮ್ಮನ್ನ ಕೊಲ್ಲೋಕೆ ಬರ್ತಿರೋರು ಕಣಪ್ಪ."
ಸಾರಥಿಯವರು: "ಹಂಗಂತ ಅವರು ಆಕ್ಸಿಡೆಂಟಲ್ಲಿ ಸಾಯ್ಬೇಕಾ?"

ಮುಂದಿನ ತಿರುವಿನಲ್ಲಿ ಸಾರಥಿಯವರು ಮತ್ತೆ ಹಾರ್ನ್ ಮಾಡಿರುತ್ತಾರೆ. ಗುಂಡಿನ ಮಳೆಯ ನಡುವೆ ವಾಹನವನ್ನು ಹಿಮ್ಮುಖವಾಗಿ ತಿರುಗಿಸಿ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸುವುದು ಕಡ್ಡಾಯವಲ್ಲ ಎಂದೂ ತಿಳಿಸಲಾಗಿದೆ.

ಕಲಂ 7. ಬಿದ್ದವರನ್ನು ಎಬ್ಬಿಸುವುದು

ಗುಂಡು ತಗುಲಿದವರು ಕೂಡಲೇ ಸಾಯುವುದಿಲ್ಲ. ಸ್ವಲ್ಪ ಹೊತ್ತು ನೆಲದಲ್ಲಿ ತೆವಳುತ್ತಾರೆ. ಅಷ್ಟರಲ್ಲಿ ಜೊತೆಯವರು ಹತ್ತಿರ ಹೋಗಿ ಹತ್ತು ಸೆಕೆಂಡು ಕುಳಿತರೆ ಎದ್ದು ನಿಲ್ಲುತ್ತಾರೆ. ಕೂರುವ ಮುನ್ನ ಮರೆ ಇದೆಯೇ ಎಂದು ನೋಡತಕ್ಕದ್ದು. ಇಲ್ಲದಿದ್ದರೆ ಹೊಗೆಬಾಂಬ್ ಎಸೆದು ಮರೆ ಮಾಡಿಕೊಳ್ಳತಕ್ಕದ್ದು. ಅಳುವವರನ್ನು ಸಮಾಧಾನ ಮಾಡಲು ಹೋಗಿ ತಾನೂ ಅಳುತ್ತಾ ಕೂತಂತೆ ಆಗತಕ್ಕದ್ದಲ್ಲ.

ದಫ್ತರಿಯವರು ಕಪಾಟಿನ ಬದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಇಟ್ಟಿರುವ ಲೆಕ್ಕದಂತೆ, ಎಂಟು ತಿಂಗಳಲ್ಲಿ ಅತಿ ಹೆಚ್ಚು ಬಾರಿ ಇತರರನ್ನು ಎಬ್ಬಿಸಿದವರು ಸದರಿ ಗುಮಾಸ್ತೆ, ಇನ್ನೂರ ಹನ್ನೆರಡು ಸಲ. ಎದ್ದವರು ಯಾರೂ ತಿರುಗಿ ನೋಡದೆ ಓಡಿರುತ್ತಾರೆ. ಎದ್ದ ಮೇಲೆ ಓಡುವುದೇ ಸರಿಯಾದ ಕ್ರಮ. ಈ ಬಗ್ಗೆ ಆಕೆಯ ಆಕ್ಷೇಪಣೆ ಇರುವುದಿಲ್ಲ.

ಕಲಂ 8. ಸಂದೇಶ ರವಾನೆ

ಕಂಡದ್ದನ್ನು ಕಂಡ ಕೂಡಲೇ ಹೇಳತಕ್ಕದ್ದು. ಹೊಸಬರು ಇಡೀ ಸುತ್ತೋಲೆ ಮರೆತರೂ ಈ ಒಂದು ಕಲಂ ನೆನಪಿಟ್ಟುಕೊಂಡರೆ ಸಾಕು.

ಹೋದ ಗುರುವಾರ ತಂಡವು ಫೋನುಗಳೆಲ್ಲ ಸುಸ್ಥಿತಿಯಲ್ಲಿರುವಾಗಲೇ ಹನ್ನೆರಡನೇ ಸ್ಥಾನದವರೆಗೆ ಬಂದಿತ್ತು. ಅಧೀಕ್ಷಕಿಯವರು ಒಂದು ಗೋಡೆಗೆ ಒರಗಿ ಕುಳಿತಿದ್ದರು. ಅವರ ಹಿಂದಿನ ಛಾವಣಿಯ ಮೇಲೆ ಒಬ್ಬ ಶತ್ರು ತಲೆ ಎತ್ತಿದ್ದು ನಾಲ್ವರ ಪೈಕಿ ಸದರಿ ಗುಮಾಸ್ತೆಗೆ ಮಾತ್ರ ಕಂಡಿತು. ಮೈಕ್ ಗುಂಡಿಯ ಮೇಲೆ ಆಕೆಯ ಹೆಬ್ಬೆರಳು ಹೋಯಿತು, ನಿಂತಿತು, ವಾಪಸು ಬಂತು. ಬದಲಿಗೆ ಆಕೆ ಬೆರಳಚ್ಚಿಸಿದಳು. ಬೆರಳಿಗೆ ಬರುವುದು ಆಫೀಸಿನ ಭಾಷೆಯೊಂದೇ ಆದ್ದರಿಂದ ಸಂದೇಶವು ಈ ಕೆಳಗಿನಂತೆ ಹೊರಟಿತು:

"ಮಾನ್ಯರೇ, ತಮ್ಮ ಹಿಂಬದಿಯ ಕಟ್ಟಡದ ಮೇಲ್ಛಾವಣಿಯಲ್ಲಿ ಓರ್ವ ಶತ್ರುವು ಇರುವುದು ಕಂಡುಬಂದಿದ್ದು, ಸೂಕ್ತ ಕ್ರಮಕ್ಕಾಗಿ ತಮ್ಮ ಅವಗಾಹನೆಗೆ ತರಬಯಸುತ್ತೇನೆ."

ಕೊನೆಯ ಪೂರ್ಣವಿರಾಮ ಹಾಕುವಷ್ಟರಲ್ಲಿ ಅಧೀಕ್ಷಕಿಯವರು ಫೋನನ್ನು ಮೇಜಿನ ಮೇಲಿಟ್ಟು ನೀರು ಕುಡಿಯುತ್ತಿದ್ದರು. "ಸೂಕ್ತ ಕ್ರಮ ಆಗೋಯ್ತಮ್ಮ" ಎಂದರು. ಸಾರಥಿಯವರು ನಕ್ಕರು, ದಫ್ತರಿಯವರೂ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ. ಸದರಿ ಗುಮಾಸ್ತೆಯು ಮಾತ್ರ ಅಂದು ಸಂಜೆಯವರೆಗೆ ಕಪಾಟುಗಳ ಹಿಂದೆಯೇ ಕೆಲಸ ಹುಡುಕಿಕೊಂಡಿದ್ದಳು.

ಆದ್ದರಿಂದ: (ಅ) ಸಂದೇಶವು ಎರಡು ಪದ ಮೀರತಕ್ಕದ್ದಲ್ಲ. "ಮೇಲೆ." "ಎಡಗಡೆ." "ಹಿಂದೆ ಹಿಂದೆ." (ಆ) ಗುಂಡು ಹಾರುವಾಗ ಮಾನ್ಯರೇ ಎನ್ನತಕ್ಕದ್ದಲ್ಲ. (ಇ) "ಅಲ್ಲಿ ಅಲ್ಲಿ" ಎಂದು ಕೂಗುವುದನ್ನು ಸಂದೇಶವೆಂದು ಪರಿಗಣಿಸಲಾಗುವುದಿಲ್ಲ. ಎಲ್ಲಿ ಎಂಬುದು ಅದರಲ್ಲಿ ಇರತಕ್ಕದ್ದು. (ಈ) ಬಾಯಿ ತೆರೆಯಲು ಹಿಂಜರಿಯುವವರು ಮೊದಲು ಮನೆಯಲ್ಲಿ ಅಭ್ಯಾಸ ಮಾಡತಕ್ಕದ್ದು.

ಉಪಕಲಂ (ಈ) ಪ್ರಕಾರ ಸದರಿ ಗುಮಾಸ್ತೆಯು ಮಂಗಳವಾರ ಸಂಜೆ ಬಟ್ಟೆಯ ಬೀರುವಿನೊಳಗೆ ತಲೆ ಹಾಕಿ "ಎಡಗಡೆ" ಎಂದು ಹದಿನಾಲ್ಕು ಬಾರಿ ಹೇಳಿರುತ್ತಾಳೆ. ಹದಿನೈದನೆಯದಕ್ಕೆ, ದಂತವೈದ್ಯರ ಬಳಿ ಸಹಾಯಕಿಯಾಗಿರುವ ಆಕೆಯ ಚಿಕ್ಕಮ್ಮ ಬಾಗಿಲು ತಳ್ಳಿ, "ಯಾರ ಜೊತೆಯೇ ಮಾತು? ಎಡಗಡೆ ಏನಿದೆ?" ಎಂದು ವಿಚಾರಿಸಿದ್ದು, ಏನಿಲ್ಲವೆಂದು ತಲೆಯಾಡಿಸಲಾಗಿದೆ. ಚಿಕ್ಕಮ್ಮನವರು ಹೊರಡುವಾಗ, "ಬೆಳಗಿಂದ ಸಂಜೆವರೆಗೂ ಕಂಡೋರ ಬಾಯೆಲ್ಲ ತೆಗೆಸ್ತೀನಿ. ನಮ್ಮನೇಲಿ ಒಂದು ಬಾಯಿ ತೆಗೆಸೋ ಯೋಗ ಇಲ್ಲ ನನಗೆ" ಎಂದು ಷರಾ ಬರೆದಷ್ಟೇ ಖಚಿತವಾಗಿ ನುಡಿದಿರುತ್ತಾರೆ.

ಕಲಂ 9. ದೂಷಣೆ ಮತ್ತು ನೆಪ

ಸೋತ ಮೇಲೆ ಯಾರಿಂದ ಸೋತೆವು ಎಂಬ ವಿಚಾರಣೆಯನ್ನು ಊಟದ ಡಬ್ಬಿ ಮುಚ್ಚಿದ ನಂತರ ಮುಂದುವರಿಸತಕ್ಕದ್ದಲ್ಲ. ನೆಟ್‌ವರ್ಕ್ ಸರಿಯಿರಲಿಲ್ಲ ಎಂಬ ಕಾರಣವನ್ನು ಪ್ರತಿಯೊಬ್ಬರಿಗೂ ತಿಂಗಳಿಗೆ ಎರಡು ಬಾರಿ ಮಾತ್ರ ಮಂಜೂರು ಮಾಡಲಾಗಿದೆ. ಬಳಸದೆ ಉಳಿದದ್ದನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಸಾರಥಿಯವರು ಈ ವರ್ಷದ್ದನ್ನೆಲ್ಲ ಈಗಾಗಲೇ ಬಳಸಿಕೊಂಡಿರುತ್ತಾರೆ.

ಕಲಂ 10. ಗೆದ್ದಾಗ ಕುಣಿಯುವುದು

ಸದ್ಯಕ್ಕೆ ಅನ್ವಯಿಸುವುದಿಲ್ಲ.

ಕಲಂ 11. ನಾಲ್ಕನೇ ಸ್ಥಾನ

ಈ ಕಲಮಿನ ಕರಡನ್ನು ನಾಲ್ಕು ಬಾರಿ ಸಿದ್ಧಪಡಿಸಲಾಗಿದೆ.

ಮಂಗಳವಾರದ ಕರಡಿನಲ್ಲಿ, ಸದರಿ ಸ್ಥಾನವನ್ನು ಟಪಾಲು ಶಾಖೆಯ ಮಾತಿನಮಲ್ಲಿಯವರಿಗೆ ನೀಡಲಾಗಿದೆ ಎಂದು ಬರೆಯಲಾಗಿತ್ತು. ನ್ಯಾಯವಾಗಿ ನೋಡಿದರೆ ಅವರೇ ಅರ್ಹರು. ಲಕೋಟೆ ಅಂಟಿಸುತ್ತಲೇ ಇಡೀ ಕಟ್ಟಡದ ಸುದ್ದಿ ಹೇಳಬಲ್ಲವರಿಗೆ ಛಾವಣಿಯ ಮೇಲೊಬ್ಬನಿದ್ದಾನೆಂದು ಹೇಳುವುದು ಯಾವ ಲೆಕ್ಕ. ಬರವಣಿಗೆ ದುಂಡಗೆ ಬಂದಿತ್ತು, ಒಂದು ಕಾಟೂ ಇರಲಿಲ್ಲ. ಬುಧವಾರ ಅದನ್ನು ಹರಿಯಲಾಗಿದೆ.

ಬುಧವಾರದ ಕರಡಿನಲ್ಲಿ, ವಿಷಯವನ್ನು ಮುಂದೂಡಲಾಗಿದೆ ಎಂದಿತ್ತು. ಗುರುವಾರ ಬೆಳಗಿನದರಲ್ಲಿ ಸಮಿತಿಯೊಂದನ್ನು ರಚಿಸಲಾಗಿತ್ತು. ಸಮಿತಿಗೆ ಸದಸ್ಯರು ಸಿಗಲಿಲ್ಲ.

ಗುರುವಾರ ಮಧ್ಯಾಹ್ನ ಆಟಕ್ಕೆ ಇಳಿದಾಗ ಸದರಿ ಗುಮಾಸ್ತೆಯ ಗಮನಕ್ಕೆ ಬಂದ ಅಂಶಗಳು ಹೀಗಿವೆ. ಕಪಾಟು ಹತ್ತುವ ಏಣಿಯ ಪಕ್ಕದ ನಾಲ್ಕು ಕುರ್ಚಿಗಳಲ್ಲಿ ಗೋಡೆಯ ಕಡೆಯದರ ಮೇಲೆ ದಫ್ತರಿಯವರು ಒಂದು ಕಡತ ಇಟ್ಟಿರುತ್ತಾರೆ, ಆಕೆಯ ಹೊರತು ಬೇರೆ ಯಾರೂ ಕೂರದ ಹಾಗೆ, ಎಂಟು ತಿಂಗಳಿಂದ, ಅದೇ ಕಡತ. ಸಾರಥಿಯವರು ಪ್ರತಿ ದಿನ ಆಟದ ಜೀಪು ಹೊರಡಿಸುವ ಮುನ್ನ, "ಕರಡು ಹತ್ತಿತಾ? ಕರಡು ಹತ್ತಲಿ, ತಡಿ" ಎನ್ನುತ್ತಾರೆ. ಅಂದು ಸದರಿ ಗುಮಾಸ್ತೆಯು ವೃತ್ತದ ಹೊರಗೆ ಬಿದ್ದು ತೆವಳುತ್ತಿದ್ದಾಗ, ಬಿಟ್ಟು ಹೋಗುವುದೇ ಜಾಣತನವಾಗಿದ್ದರೂ (ಕಲಂ 5 ನೋಡಿ), ಅಧೀಕ್ಷಕಿಯವರು ಅಷ್ಟು ದೂರ ವಾಪಸು ಬಂದು ಪಕ್ಕದಲ್ಲಿ ಕುಳಿತರು. "ನಾಲ್ಕು ಜನ ಬಂದಿದ್ದೀವಿ, ನಾಲ್ಕು ಜನ ಹೋಗೋದು" ಎಂದರು. ಹತ್ತು ಸೆಕೆಂಡು ಮುಗಿಯುವ ಮೊದಲೇ ವೃತ್ತ ಇಬ್ಬರನ್ನೂ ನುಂಗಿತು. ಮಿಕ್ಕ ಇಬ್ಬರೂ ಅವರನ್ನು ಹುಡುಕಿಕೊಂಡು ಬಂದು ಅಲ್ಲೇ ಸತ್ತರು. ಸ್ಥಾನ: ಇಪ್ಪತ್ತು.

ಇಷ್ಟನ್ನೂ ಅವರ ದಿನನಿತ್ಯದ ನಡವಳಿಕೆಯೆಂದು ಎಂಟು ತಿಂಗಳು ಸುಮ್ಮನೆ ಸ್ವೀಕರಿಸಲಾಗಿದೆ. ಒಂದಕ್ಕೂ ಉತ್ತರ ಕೊಟ್ಟಿರುವುದಿಲ್ಲ. ಬಾಕಿ ಇರುವ ಪತ್ರಗಳಿಗೆ ಉತ್ತರ ಬರೆಯುವುದೇ ತನ್ನ ಕೆಲಸವಾಗಿರುವಾಗ ಇದು ಕರ್ತವ್ಯಲೋಪವೆಂದು ಸದರಿ ಗುಮಾಸ್ತೆಗೆ ಮನವರಿಕೆಯಾಗಿದೆ.

ನಾಲ್ಕನೇ ಕರಡಿನಲ್ಲಿ ಈ ಕಲಮಿನ ಕೆಳಗೆ ಮೂರು ಸಾಲಿನಷ್ಟು ಜಾಗವನ್ನು ಖಾಲಿ ಬಿಡಲಾಗಿದೆ.




ಓದುವಿಕೆಯ ಬಗ್ಗೆ ಟಿಪ್ಪಣಿ:

ಸದರಿ ಸುತ್ತೋಲೆಯನ್ನು ಶುಕ್ರವಾರ, ಊಟಕ್ಕೆ ಮುನ್ನ, ಶಾಖೆಯಲ್ಲಿ ಓದಲಾಯಿತು. ಮಾತಿನಮಲ್ಲಿಯವರು ಪೂರ್ತಿ ಚಾರ್ಜ್ ಆದ ಫೋನಿನೊಂದಿಗೆ ಬಾಗಿಲ ಬಳಿ ಹಾಜರಿದ್ದರು. ದಫ್ತರಿಯವರು ರೂಢಿಯಂತೆ ಕೈ ಚಾಚಿ, "ಕೊಡು ತಂಗಿ, ಗಂಟಲು ನೋವಲ್ವಾ" ಎಂದರು. ಕಾಗದವನ್ನು ಕೊಡಲಾಗಿಲ್ಲ.

ಮೊದಲ ಕಲಂ ಫ್ಯಾನಿನ ಸದ್ದಿಗಿಂತ ಕೆಳಗಿತ್ತು. ಸಾರಥಿಯವರು ಎದ್ದು ಫ್ಯಾನು ಆರಿಸಿದರು. ಉಲ್ಲೇಖ 1ನ್ನು ಕೆಮ್ಮಿನ ಮೂಲಕ ದಾಟಿಸಲಾಗಿತ್ತು. ನಿರೀಕ್ಷಿಸಿದಂತೆ ಎಲ್ಲರೂ ತಿರುಗಿ ನೋಡಿದರು, ನೋಡಿದ ಮೇಲೆ ದಫ್ತರಿಯವರು, "ದನಿ ಗಟ್ಟಿಯಾಗೇ ಇದೆಯಲ್ಲೇ. ಆರು ಸಲ ನನ್ನ ಕೈಲಿ ಓದಿಸಿದ್ಯಲ್ಲ" ಎಂದಷ್ಟೇ ಹೇಳಿ ಕುರ್ಚಿಯ ಮೇಲಿನ ಕಡತವನ್ನು ತೆಗೆದಿಟ್ಟರು. ಐವರಿದ್ದಲ್ಲಿ ಬಾಗಿಲು ಹಾಕತಕ್ಕದ್ದಲ್ಲ ಎಂಬಲ್ಲಿ ಅಧೀಕ್ಷಕಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಲಂ 11ರ ಖಾಲಿ ಜಾಗಕ್ಕೆ ಬಂದಾಗ ಓದಲು ಏನೂ ಇರಲಿಲ್ಲ. ಆದಾಗ್ಯೂ ಸದರಿ ಗುಮಾಸ್ತೆಯು ಕುಳಿತುಕೊಂಡಿರುವುದಿಲ್ಲ.

ಈ ಸುತ್ತೋಲೆಯು ಓದಿದ ಗಳಿಗೆಯಿಂದಲೇ ಜಾರಿಗೆ ಬಂದಿರುತ್ತದೆ.

(ಸಹಿ)
ಕರಡು ಗುಮಾಸ್ತೆ
ಹಳೆಯ ಕಡತಗಳ ಶಾಖೆ

(ಮೇಲುಸಹಿ)
ಅಧೀಕ್ಷಕಿ
"ಉಲ್ಲೇಖ 1 ಇರಲಿ. ತೆಗೆಯುವುದು ಬೇಡ."

ಪ್ರತಿಗಳು:

1. ದಫ್ತರಿಯವರಿಗೆ, ಮೂರು ಪ್ರತಿ. ಇವತ್ತಲ್ಲ ನಾಳೆ ಬೇಕಾಗುತ್ತದೆ.
2. ಸಾರಥಿಯವರಿಗೆ, ಹಾರ್ನಿನ ಮೇಲೆ ಅಂಟಿಸಿಕೊಳ್ಳಲು.
3. ಟಪಾಲು ಶಾಖೆಯ ಮಾತಿನಮಲ್ಲಿಯವರಿಗೆ, ಮಾಹಿತಿಗಾಗಿ. ಆಟದಲ್ಲಿ ಐದನೇ ಸ್ಥಾನವಿಲ್ಲದ ಕಾರಣ ಏಣಿಯ ಮೂರನೇ ಮೆಟ್ಟಿಲನ್ನು ಅವರಿಗೆ ವಹಿಸಲಾಗಿದೆ. ಅಲ್ಲಿಂದ ನಾಲ್ಕೂ ಫೋನುಗಳು ಕಾಣುತ್ತವೆ. ಕಂಡದ್ದನ್ನು ಹೇಳಲು ಅವರಿಗೆ ಪ್ರತ್ಯೇಕ ಸೂಚನೆಯ ಅಗತ್ಯವಿಲ್ಲ.
4. ಚಿಕ್ಕಮ್ಮನವರಿಗೆ, ಅವರ ಬಹುಕಾಲದ ಬೇಡಿಕೆಗೆ ಸಂಬಂಧಿಸಿದಂತೆ.
5. ಬಟ್ಟೆಯ ಬೀರುವಿಗೆ, ವಂದನೆಗಳೊಂದಿಗೆ.
6. ಕಚೇರಿ ಪ್ರತಿ. ಕಲಂ 11ರ ಖಾಲಿ ಜಾಗದಲ್ಲಿ, ಸದರಿ ಗುಮಾಸ್ತೆಯು ನಿಂತಲ್ಲೇ ಬಾಯಿಂದ ಹೇಳಿದ್ದನ್ನು ಅಧೀಕ್ಷಕಿಯವರು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದು, ಅದು ಹೀಗಿದೆ: "ಇಷ್ಟ ಇಲ್ಲ ಅಂತಲ್ಲ ಮೇಡಂ. ನಿಮ್ಮ ಮೂರೂ ಜನರ ಜೊತೆ ಆಡೋದು ನನಗೆ ತುಂಬ ಇಷ್ಟ. ನನ್ನ ಸೀಟು ನಾನು ಯಾರಿಗೂ ಕೊಡಲ್ಲ."